ಶೆಟ್ಲಿ ಯಾಕೆ ಹಗಲಲ್ಲಿ ಮುಖ ತೋರಿಸೋದಿಲ್ಲ

ಬುಟ್ಟಿ ಅಲ್ಲೇ ಇಡು ಕುಸುಮಾ. ಬೋರಲು ಹಾಕಬೇಡ, ಹಾಗೇ ಇಡು.

ಬೀರಮ್ಮಜ್ಜಿಗೆ ಮೀನು ಕೊಟ್ಟು ಬಂದೆಯಾ? ಬಂಗಡೆ ಎಲ್ಲಾ ಕೊಟ್ಟೆಯಾ? ಹೂಂ ಅಂದೆ. ಸರಿ. ಅಜ್ಜಿ ಕೇಳಿದ್ಳು, ಮೊಮ್ಮಗಳು ಹೂಂ ಅಂದ್ಳು, ಮುಗೀತು. ಬಾ, ಕೂತು ಈ ಶೆಟ್ಲಿ ಬಿಡಿಸೋಕೆ ಕೈ ಜೋಡಿಸು. ತಲೆ ಕಿತ್ತು ಈ ಕಡೆ, ಮೈ ಆ ಕಡೆ. ಪೇಟೆಯವರು ಇದಕ್ಕೆ ಸೀಗಡಿ ಅಂತಾರೆ, ನಮಗೆ ಶೆಟ್ಲಿ.

ಯಾಕೆ ಅಷ್ಟು ದೂರ ಕೂತೆ? ನಾನೇನು ಹುಲಿಯಾ?

ಬೆಳಿಗ್ಗೆ ನೀನು ಒಂದು ಮಾತು ಕೇಳಿದ್ದೆ. ಮಾವ ಹಗಲಿಡೀ ಬಲೆ ಬೀಸಿದ್ರೂ ಶೆಟ್ಲಿ ಬೀಳೋದಿಲ್ಲ, ಹೊತ್ತು ಮುಳುಗಿದ ಮೇಲೆ ಬೀಸಿದ್ರೆ ಬುಟ್ಟಿ ತುಂಬ ಬೀಳ್ತದೆ, ಯಾಕೆ ಅಂತ. ನಾನು ಆಮೇಲೆ ಹೇಳ್ತೇನೆ ಅಂದಿದ್ದೆ. ಈಗ ಹೇಳ್ತೇನೆ. ಅದಕ್ಕೂ ಮೊದಲು ಒಂದು ಮಾತು.

ನಮ್ಮ ಕೇರಿಯಲ್ಲಿ ಎಲ್ಲರೂ ಸೇರಿ ದಡಕ್ಕೆ ರಂಪಣಿ ಬಲೆ ಎಳೆದ ದಿನ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು. ಕೈಯಲ್ಲಿ ಬಲ ಇಲ್ಲದ ಮುದುಕರಿಗೂ ಒಂದು ಪಾಲು. ಬೀರಮ್ಮ ನಲವತ್ತು ವರ್ಷ ಹಗ್ಗ ಎಳೆದ ಹೆಂಗಸು. ಈಗ ಎರಡೂ ಕಣ್ಣು ಹೋಗಿದೆ, ದಡಕ್ಕೆ ಬರಲಾರಳು. ಅವಳ ಪಾಲು ಮುಟ್ಟಿಸೋದು ನಮ್ಮ ಮನೆಯ ಕೆಲಸ. ಮತ್ತೆ ಪಾಲು ತಂದ ಬುಟ್ಟಿಯನ್ನ ಯಾರೂ ಖಾಲಿ ಕಳಿಸಬಾರದು, ಅದೂ ನಮ್ಮ ಪದ್ಧತಿಯೇ. ಸಾರಿನ ಹುಳಿಗೆ ನಾಲ್ಕು ಮುರುಗಲ ಸಿಪ್ಪೆ ಹಾಕ್ತಾರೆ, ಒಂದು ಹಿಡಿ ಉಪ್ಪು ಹಾಕ್ತಾರೆ, ಏನೂ ಇಲ್ಲದವರು ಅಂಗಳದ ಅಬ್ಬಲಿಗೆ ಹೂವು ಕಿತ್ತು ಹಾಕ್ತಾರೆ. ಬೀರಮ್ಮ ಉಪವಾಸ ಬಿದ್ದಾಳು, ಖಾಲಿ ಬುಟ್ಟಿ ಕಳಿಸೋ ಜಾತಿ ಅಲ್ಲ ಅವಳು.

ಈ ಬುಟ್ಟಿಯಲ್ಲಿ ಏನಿದೆ? ಏನೂ ಇಲ್ಲ.

ಇಲ್ಲ ಇಲ್ಲ, ನಾನು ನಿನ್ನ ಏನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ ಒಬ್ಬ. ನೀನು ಯಾಕೆ ಲಂಗಕ್ಕೆ ಕೈ ಒರೆಸ್ತೀಯ? ಶೆಟ್ಲಿ ಬಿಡಿಸು. ಕಥೆ ಕೇಳು.

ಆಗಷ್ಟೇ ಜಗತ್ತು ಹುಟ್ಟಿತ್ತು. ಮೈ ಇನ್ನೂ ಒದ್ದೆ ಇತ್ತು. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ, ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಗಾಳಿ ಮಾತಾಡ್ತಿತ್ತು, ಕಡಲು ಮಾತಾಡ್ತಿತ್ತು. ಈಗಲೂ ಮಾತಾಡ್ತಾವೆ, ಕೇಳಿಸ್ಕೊಳ್ಳೋಕೆ ನಮಗೆ ಪುರುಸೊತ್ತಿಲ್ಲ.

ಆಗ ಗಾಳಿಯಣ್ಣನಿಗೆ ಒಂದೇ ಕೆಲಸ. ಎಲ್ಲರೂ ಬಿಟ್ಟ ಉಸಿರನ್ನ ಬೆನ್ನ ಮೇಲೆ ಹೊರೋದು. ಹುಲಿ ಬಿಟ್ಟ ಉಸಿರು, ಜಿಂಕೆ ಬಿಟ್ಟ ಉಸಿರು, ಕೊಳೆತ ಎಲೆ ಬಿಟ್ಟ ಉಸಿರು, ಬೆಂಕಿ ಕಾರೋ ಬೆಟ್ಟ ಬಿಟ್ಟ ಉಸಿರು. ಬಿಟ್ಟ ಉಸಿರು ಕಣ್ಣಿಗೆ ಕಾಣೋದಿಲ್ಲ. ಕಾಣದಿದ್ರೆ ಭಾರ ಇಲ್ಲ ಅಂತ ಅಲ್ಲ. ಅದು ಕಂಬಳಿ ಇದ್ದ ಹಾಗೆ. ಒಂದು ಹೊದ್ದರೆ ಬೆಚ್ಚಗೆ, ಹತ್ತು ಹೊದ್ದರೆ ಬೆವರು, ನೂರು ಹೊದ್ದರೆ ಜ್ವರ.

ಗಾಳಿಯಣ್ಣನಿಗೆ ಜ್ವರ ಬಂತು. ಅವನಿಗೆ ಜ್ವರ ಬಂದ್ರೆ ಜಗತ್ತಿಗೇ ಜ್ವರ. ಗಿಡ ಬಾಡಿತು, ಕೆರೆ ಕುದೀತು, ಹಕ್ಕಿಗಳು ಬಾಯಿ ತೆರೆದು ಕೂತವು.

ಅವನು ತೂರಾಡ್ತಾ ಕಡಲವ್ವಿಯ ಹತ್ರ ಬಂದ. ಅವನಿಗೆ ಅವಳು ಅಕ್ಕ.

"ಅಕ್ಕಾ, ಬೆನ್ನು ಮುರೀತು. ಅರ್ಧ ಭಾರ ನೀನು ತಗೋ" ಅಂದ.

"ಕೊಡು ತಮ್ಮಾ. ನನ್ನ ಮಡಿಲು ದೊಡ್ಡದು" ಅಂದ್ಳು ಅವಳು. ಆಮೇಲೆ ಸ್ವಲ್ಪ ಯೋಚಿಸಿದ್ಳು. "ಆದರೆ ಒಂದು ತೊಂದರೆ ಉಂಟು. ಉಸಿರನ್ನ ನನ್ನ ಮೇಲ್ಮೈಯಲ್ಲೇ ಇಟ್ಟರೆ ನಿಲ್ಲೋದಿಲ್ಲ, ಬುಸುಬುಸು ಅಂತ ನಿನ್ನ ಹತ್ರವೇ ವಾಪಸು ಬರ್ತದೆ. ಉಳಿದಷ್ಟು ನನ್ನ ನೀರನ್ನೇ ಹುಳಿ ಮಾಡ್ತದೆ. ಅದನ್ನ ಯಾರಾದ್ರೂ ಕೆಳಗೆ, ಕೆಸರಜ್ಜಿಯ ಹತ್ರ ಮುಟ್ಟಿಸಬೇಕು."

ಗೋಲಿ ಸೋಡಾ ನೋಡಿದ್ದೀಯಲ್ಲ, ಗೋಲಿ ಒತ್ತಿದ ಕೂಡಲೇ ಬುಸ್ಸಂತ ಮೇಲೆ ಬರ್ತದಲ್ಲ? ಹಾಗೇ.

ಕೆಸರಜ್ಜಿ ಅಂದ್ರೆ ಕಡಲ ತಳದಲ್ಲಿ ಇರೋಳು. ಕಡಲು ಹುಟ್ಟಿದಾಗ ಮಡಿಲಲ್ಲಿ ಹಾಕ್ಕೊಂಡವಳು ಅವಳೇ. ಅಲ್ಲಿಗೆ ಬಿಸಿಲು ಇಳಿಯೋದಿಲ್ಲ, ಹಾಗಾಗಿ ಅವಳಿಗೆ ಕಣ್ಣೂ ಇಲ್ಲ. ಮೇಲಿಂದ ಬಿದ್ದದ್ದೇ ಅವಳ ಊಟ. ಉಂಡು ಉಳಿದದ್ದನ್ನ ಕೆಸರಿನ ಕೆಳಗೆ ಹುಗಿದು, ಅದರ ಮೇಲೆ ಮಲಗಿ ಬಿಡ್ತಾಳೆ. ಅವಳ ಕೈ ಸೇರಿದ ಉಸಿರು ಎಷ್ಟೋ ತಲೆಮಾರು ಹೊರಗೆ ಬರೋದಿಲ್ಲ.

"ಯಾರು ಹೊರ್ತೀರಿ?" ಅಂತ ಕಡಲವ್ವಿ ತನ್ನ ಮಕ್ಕಳನ್ನ ಕೇಳಿದ್ಳು.

ಮೊದಲು ಹಸಿರು ಪುಡಿ ಮಕ್ಕಳು ಬಂದ್ರು. ಅವರು ಎಷ್ಟು ಸಣ್ಣ ಅಂದ್ರೆ ನಿನ್ನ ಕಿರುಬೆರಳ ಉಗುರ ಮೇಲೆ ಒಂದು ಊರೇ ಕೂರಬಹುದು. "ಅವ್ವಿ, ನಾವು ಗಾಳಿಮಾವನ ಉಸಿರು ಕುಡೀತೇವೆ, ಬಿಸಿಲು ಸೇರಿಸಿ ಅದನ್ನ ಅನ್ನ ಮಾಡ್ತೇವೆ. ಆದರೆ ನಾವು ಹಗುರ. ಕೆಳಗೆ ಇಳಿಯೋಕೆ ಆಗೋದಿಲ್ಲ" ಅಂದ್ರು.

ತಿಮಿಂಗಿಲ ಬಂದ. "ನಂಗೆ ಉಸಿರಾಡೋಕೆ ಮತ್ತೆ ಮತ್ತೆ ಮೇಲೆ ಬರಬೇಕು ಅವ್ವಿ. ಬೇಕಾದ್ರೆ ಈ ಹಸಿರು ಮಕ್ಕಳಿಗೆ ಗೊಬ್ಬರ ಹಾಕಿಕೊಡ್ತೇನೆ" ಅಂದ. ಗೊಬ್ಬರ ಎಲ್ಲಿಂದ ತಂದ ಅಂತ ಕೇಳ್ತೀಯಾ? ಎಲ್ಲಿಂದ ತರ್ತಾನೆ, ಹಿತ್ತಿಲಲ್ಲಿ ದನ ಎಲ್ಲಿಂದ ತರ್ತದೆ? ಅಲ್ಲಿಂದಲೇ. ನಗು ನಗು. ಬಂದಾಗಿನಿಂದ ಮುಖ ಗಂಟು ಹಾಕ್ಕೊಂಡಿದ್ದೆ. ಅವನು ಹೇತಲ್ಲೆಲ್ಲ ಹಸಿರು ಮಕ್ಕಳು ಕೊಬ್ಬಿ ಬೆಳೆದ್ರು, ಇದು ನಿಜ.

ಬಂಗಡೆಗಳು, "ನಾವು ದಂಡು ಕಟ್ಟಿ ತಿರುಗೋರು, ಪುರುಸೊತ್ತೆಲ್ಲಿ" ಅಂದವು. ಆಮೆ, "ನಂಗೆ ದಡದಲ್ಲಿ ಮೊಟ್ಟೆ ಇಡೋದುಂಟು" ಅಂತ. ಕೆಲಸ ಅಂದ ಕೂಡಲೇ ಎಲ್ಲರಿಗೂ ಒಂದೊಂದು ನೆವ. ನಮ್ಮ ಕೇರಿಯೇನು ಬೇರೆಯಾ?

ಆಗ ಪುಡಿ ಶೆಟ್ಲಿಗಳು ಮುಂದೆ ಬಂದ್ರು.

ಆಗಿನ ಶೆಟ್ಲಿ ಗಾಜಿನ ಹಾಗೆ ಇತ್ತು. ಆಚೆ ನಿಂತವರು ಈಚೆ ಕಾಣ್ತಿದ್ರು. ಹೊಟ್ಟೆಯಲ್ಲಿ ಏನಿದೆ ಅಂತ ಹೊರಗಿನಿಂದಲೇ ಕಾಣೋದು. ಕುಪ್ಪಳಿಸಿ ಕುಪ್ಪಳಿಸಿ ಹೇಳಿದ್ರು, "ನಾವಿದ್ದೇವೆ ಅವ್ವಿ! ಹಸಿರು ಪುಡಿ ತಿಂದು ಹೊಟ್ಟೆಯಲ್ಲಿ ತುಂಬ್ಕೊಂಡು ಕೆಳಗೆ ಹೋಗ್ತೇವೆ. ಕೆಸರಜ್ಜಿಯ ಹತ್ರ ಇಳಿಸಿ ಬರ್ತೇವೆ."

ಹೊಟ್ಟೆಗೆ ಹೋದದ್ದನ್ನ ಹೇಗೆ ಇಳಿಸ್ತಾರೆ ಅಂತ ನೀನು ಕೇಳಬೇಡ. ಗೊತ್ತಿದೆ ನಿಂಗೆ.

ಕಡಲವ್ವಿಗೆ ಎಷ್ಟು ಖುಷಿಯಾಯ್ತು! ದೊಡ್ಡ ದೊಡ್ಡವರು ಒಲ್ಲೆ ಅಂದದ್ದನ್ನ ನನ್ನ ಸಣ್ಣ ಮಕ್ಕಳು ಒಪ್ಪಿದ್ರು ಅಂತ ಎದೆ ಉಬ್ಬಿತು. ಗಾಳಿಯಣ್ಣನಿಗೆ ಮಾತು ಕೊಟ್ಟಳು, "ತಮ್ಮಾ, ನಾಳೆಯಿಂದ ನಿನ್ನ ಅರ್ಧ ಭಾರ ನನ್ನದು." ಕೆಳಗೆ ಕೆಸರಜ್ಜಿಗೆ ಹೇಳಿ ಕಳಿಸಿದ್ಳು, "ಅಜ್ಜೀ, ಇನ್ನು ದಿನಾ ನಿಂಗೆ ಬುತ್ತಿ ಬರ್ತದೆ. ಮಕ್ಕಳು ತರ್ತಾರೆ."

ಮೊದಲ ದಿನ ಶೆಟ್ಲಿಗಳು ನಿಜವಾಗಿ ಹೋದ್ರು. ಅದನ್ನ ಹೇಳಲೇಬೇಕು.

ದಾರಿ ದೂರ ಇತ್ತು. ಹಸಿರು ನೀರು ದಾಟಿದ್ರು, ನೀಲಿ ನೀರು ದಾಟಿದ್ರು, ಆಮೇಲೆ ಬರೀ ಕಪ್ಪು. ಚಳಿ ಅಂದ್ರೆ ಚಳಿ. ತಳ ಮುಟ್ಟಿದಾಗ ಕೆಸರಿನೊಳಗಿಂದ ತಣ್ಣನೆ ಬೆರಳುಗಳು ಎದ್ದು ಬಂದವು.

"ಯಾರು? ಯಾರ ಮಗಳು ನೀನು? ಹತ್ರ ಬಾ" ಅಂತ ಕೆಸರಜ್ಜಿ ಒಬ್ಬೊಬ್ಬರ ಮುಖ ಸವರಿದ್ಳು. ಮೆಲ್ಲಗೆ ಸವರ್ತಾಳೆ, ಸವರ್ತಾನೇ ಇರ್ತಾಳೆ, ಕೈ ಬಿಡೋದೇ ಇಲ್ಲ. ಎಷ್ಟೋ ಕಾಲದಿಂದ ಅವಳ ಹತ್ರ ಯಾರೂ ಬಂದಿರಲಿಲ್ಲ, ಪಾಪ. ಶೆಟ್ಲಿಗಳಿಗೆ ಅದು ಗೊತ್ತಾಗಲಿಲ್ಲ. ಮೈ ಜುಂ ಅಂತು. ತಂದದ್ದು ಇಳಿಸಿ, ಕೈ ಕೊಸರಿಕೊಂಡು, ಒಂದೇ ಉಸಿರಿಗೆ ಮೇಲೆ ಓಡಿ ಬಂದ್ರು.

ಮುಖ ಸವರೋ ಅಜ್ಜಿ ನಿಂಗೂ ಒಬ್ಬಳು ಗೊತ್ತು, ಅಲ್ವಾ? ಸುಮ್ನೆ ಕೇಳಿದೆ.

ಎರಡನೇ ದಿನ ಅರ್ಧ ದಾರಿಗೆ ಹೋಗಿ ನಿಂತ್ರು. "ಇಲ್ಲೇ ಬಿಟ್ಟರಾಯ್ತು. ತಾನಾಗೇ ಕೆಳಗೆ ಹೋಗ್ತದೆ" ಅಂತ ಒಬ್ಬಳು ಅಂದ್ಳು. ಹೌದಲ್ಲ ಅಂತ ಉಳಿದವರೂ ಅಂದ್ರು. ಅಲ್ಲೇ ಬಿಟ್ಟು ಬಂದ್ರು. ಅದು ಕೆಳಗೆ ಹೋಗಲಿಲ್ಲ. ನಡುನೀರಿನ ಹುಳಹುಪ್ಪಟೆ ಅದನ್ನ ತಿಂದು ಮತ್ತೆ ಉಸಿರು ಮಾಡಿ ಬಿಟ್ಟವು.

ಮೂರನೇ ದಿನ ಹೊರಡಲೇ ಇಲ್ಲ. ಮೇಲೆ ಬೆಚ್ಚಗಿನ ಬಿಸಿಲು, ಬಾಯಿ ಹಾಕಿದಲ್ಲಿ ಊಟ. ತಿಂದ್ರು, ಕುಣಿದ್ರು, ತಿಂದದ್ದನ್ನ ಅಲ್ಲೇ ಇಳಿಸಿದ್ರು. ನಾಲ್ಕನೇ ದಿನವೂ ಹಾಗೇ. ಐದನೇ ದಿನದ ಹೊತ್ತಿಗೆ ಅದು ರೂಢಿಯಾಯ್ತು. ಮೊದಲ ಸುಳ್ಳಿಗೆ ಮಾತ್ರ ಗಂಟಲು ಕಟ್ತದೆ ಮಗಾ, ಆಮೇಲಿನದೆಲ್ಲ ಎಣ್ಣೆ ಹಚ್ಚಿದ ಹಾಗೆ ಜಾರ್ತದೆ.

ದಿನಾ ಸಂಜೆ ಕಡಲವ್ವಿ ಕೇಳ್ತಿದ್ಳು, "ಮುಟ್ಟಿಸಿದ್ರಾ ಮಕ್ಕಳೇ?"

"ಮುಟ್ಟಿಸಿದೆವು ಅವ್ವಿ."

"ಅಜ್ಜಿ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ ಅವ್ವಿ. ನಿನ್ನ ಕೇಳಿದ್ಳು."

ನೋಡು, ಎಷ್ಟು ಚಂದದ ಸುಳ್ಳು! ನೀನೂ ಹೋದ ವಾರ ಇದೇ ಮಾತು ಹೇಳಿದ್ದೆ, ನೆನಪಿದ್ಯಾ? "ಬೀರಮ್ಮಜ್ಜಿ ನಿನ್ನ ಕೇಳಿದ್ಳು ಅಜ್ಜಿ" ಅಂತ. ನಾನು ಆವತ್ತು ರಾತ್ರಿ ಎರಡು ತುತ್ತು ಹೆಚ್ಚು ಉಂಡೆ. ಅಷ್ಟು ಸಮಾಧಾನ ಆಗಿತ್ತು ನಂಗೆ.

ತಲೆ ಎತ್ತಬೇಡ, ಬೇಡ. ಶೆಟ್ಲಿ ಬಿಡಿಸ್ತಾ ಇರು. ಮುಳ್ಳು ಚುಚ್ಚೀತು, ಜೋಪಾನ.

ಕೆಲವು ದಿನ ಕಳೀತು. ಗಾಳಿಯಣ್ಣ ಮತ್ತೆ ಬಂದ. ತುಟಿ ಒಡೆದಿತ್ತು, ಕಣ್ಣು ಕೆಂಡ.

"ಅಕ್ಕಾ, ನಾನು ಕೊಟ್ಟದ್ದೆಲ್ಲ ನಂಗೇ ವಾಪಸು ಬಂದಿದೆ. ಮೊದಲಿಗಿಂತ ಜ್ವರ ಜಾಸ್ತಿ" ಅಂದ.

ಕಡಲವ್ವಿಗೆ ಸಿಟ್ಟು ಬಂತು. "ನನ್ನ ಮಕ್ಕಳು ದಿನಾ ಮುಟ್ಟಿಸ್ತಾ ಇದ್ದಾರೆ. ನನ್ನ ಮಕ್ಕಳು ಸುಳ್ಳು ಹೇಳೋದಿಲ್ಲ!"

"ಹಾಗಾದ್ರೆ ನಾನು ಸುಳ್ಳಾ?"

"ನೀನು ಊರೂರು ತಿರುಗೋನು. ನಿಂಗೆ ಮನೆಯಾ ಮಕ್ಕಳಾ? ಮಕ್ಕಳನ್ನ ನಂಬೋದು ಅಂದ್ರೆ ಏನು ಅಂತ ನಿಂಗೆ ಹೇಗೆ ಗೊತ್ತಾಗಬೇಕು?"

ಆಡಬಾರದ ಮಾತು ಆಡಿಬಿಟ್ಟಳು. ಗಾಳಿಯಣ್ಣ ದಡದ ಬಂಡೆಗೆ ಒರಗಿ ಕೂತ, ಅಷ್ಟೆ.

ಅಷ್ಟರಲ್ಲಿ ಒಂದು ಪುಟ್ಟ ಚಿಪ್ಪಿನ ಹುಳ ತೆವಳ್ತಾ ಬಂತು. ಅದರ ಚಿಪ್ಪು ಹಪ್ಪಳದ ಹಾಗೆ ತೆಳ್ಳಗಾಗಿತ್ತು. ಅಲ್ಲಲ್ಲಿ ತೂತು. "ಅವ್ವಿ, ನೀರು ಹುಳಿಯಾಗಿದೆ. ನನ್ನ ಮನೆ ಕರಗ್ತಾ ಇದೆ" ಅಂತು.

ಕಡಲವ್ವಿ ತನ್ನ ನೀರನ್ನ ತಾನೇ ನಾಲಿಗೆಗೆ ಹಚ್ಚಿ ನೋಡಿದ್ಳು. ಹುಳಿ.

ನೆತ್ತಿ ಮೇಲೆ ಸೂರ್ಯ ನಿಂತ ಹೊತ್ತು. ಅವಳು ಎಲ್ಲರನ್ನೂ ಕರೆದ್ಳು. ತಿಮಿಂಗಿಲ ಬಂದ, ಆಮೆ ಬಂತು, ಬಂಗಡೆಗಳು ಬಂದವು. ಶೆಟ್ಲಿಗಳೂ ಬಂದ್ರು. ಬರೋದೇನು, ಅಲ್ಲೇ ಮೇಲೆಯೇ ಇದ್ರಲ್ಲ. ಆ ಹೊತ್ತಿಗೆ ಅವರು ಕಡಲ ತಳದಲ್ಲಿ ಇರಬೇಕಿತ್ತು.

ಸೂರ್ಯನ ಬೆಳಕು ಅವರ ಮೈಯೊಳಗೆ ಹಾಯ್ತು. ಗಾಜಿನ ಮೈ ಅಲ್ವಾ? ಒಬ್ಬೊಬ್ಬರ ಹೊಟ್ಟೆಯಲ್ಲೂ ಹಸಿರು ತುಂಬಿ ಒಡೀತಾ ಇತ್ತು, ಅದು ಎಲ್ಲರಿಗೂ ಕಾಣ್ತು. ಯಾರೂ ಏನೂ ಕೇಳಬೇಕಾಗಲಿಲ್ಲ.

ಆಮೆ ಮುಖ ಆ ಕಡೆ ತಿರುಗಿಸಿತು. ವಟವಟ ಅನ್ನೋ ಬಂಗಡೆಗಳು ದಂಡು ಒಡೆದು ಹಿಂದೆ ಸರಿದವು. ಚಿಪ್ಪಿನ ಹುಳ ತನ್ನ ತೂತು ಮನೆಯೊಳಗೆ ಮುದುರಿ ಕೂತಿತು. ಶೆಟ್ಲಿಗಳು ಒಬ್ಬರ ಹಿಂದೆ ಒಬ್ಬರು ಅಡಗೋಕೆ ನೋಡಿದ್ರು. ಗಾಜಿನ ಹಿಂದೆ ಗಾಜು ಅಡಗ್ತದಾ? ಕಡಲ ತಳ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸ್ತು ಅವರಿಗೆ.

ಈಗ ಏಟು ಬೀಳ್ತದೆ ಅಂತ ಕಣ್ಣು ಮುಚ್ಚಿ ನಿಂತ್ರು. ದೊಡ್ಡ ತೆರೆ ಏಳ್ತದೆ, ಬಂಡೆಗೆ ಬಡೀತದೆ, ಅಲ್ಲಿಗೆ ಮುಗೀತದೆ ಅಂತ.

ತೆರೆ ಏಳಲಿಲ್ಲ. ಕಡಲವ್ವಿ ಅವರ ಕಡೆ ನೋಡಲೇ ಇಲ್ಲ. ಬಂಡೆಗೆ ಒರಗಿದ್ದ ಗಾಳಿಯಣ್ಣನ ಮುಂದೆ ಹೋಗಿ ತಲೆ ತಗ್ಗಿಸಿದ್ಳು.

"ತಪ್ಪು ನನ್ನದು ತಮ್ಮಾ. ಮಕ್ಕಳು ಹೂಂ ಅಂದ್ರು, ನಾನು ನಂಬಿದೆ. ಒಂದು ದಿನವೂ ಇಳಿದು ಹೋಗಿ ನೋಡಲಿಲ್ಲ. ಕೆಸರಜ್ಜಿ ನನ್ನನ್ನ ಹೊತ್ತವಳು. ಅವಳ ಮುಖ ನೋಡದೆ ನಂಗೇ ಎಷ್ಟು ಕಾಲವಾಯ್ತೋ. ನಾನು ಮಾಡಬೇಕಾದ ಕೆಲಸವನ್ನ ಹಾಲುಗಲ್ಲದ ಮಕ್ಕಳ ತಲೆ ಮೇಲೆ ಹಾಕಿ ಕೂತೆ. ನಿಂಗೆ ಬಾಯಿಗೆ ಬಂದ ಹಾಗೆ ಅಂದೆ. ನಂಗೆ ನಾಚಿಕೆಯಾಗ್ತಿದೆ."

ಅಷ್ಟು ದೊಡ್ಡ ಕಡಲು, ತನ್ನ ಮಕ್ಕಳಿಗಾಗಿ ಎಲ್ಲರ ಎದುರು ತಲೆ ತಗ್ಗಿಸಿ ನಿಂತಿತ್ತು.

ಏಟು ಬಿದ್ದಿದ್ರೆ ಶೆಟ್ಲಿಗಳು ತಡಕೊಳ್ತಿದ್ರು. ಇದನ್ನ ತಡಕೊಳ್ಳೋಕೆ ಆಗಲಿಲ್ಲ. ಮೀಸೆ ತುದಿಯಿಂದ ಬಾಲದ ತುದಿವರೆಗೆ ಮೈ ಸುಡೋಕೆ ಶುರುವಾಯ್ತು. ಗಾಜಿನ ಮೈ ದಾಸವಾಳದ ಹಾಗೆ ಕೆಂಪಾಯ್ತು. ಅಲ್ಲಿವರೆಗೆ ಕಡಲಲ್ಲಿ ಯಾರೂ ನಾಚಿ ಕೆಂಪಾಗಿರಲಿಲ್ಲ. ಅವರೇ ಮೊದಲು.

ಯಾರೂ ಹೋಗಿ ಅನ್ನಲಿಲ್ಲ. ಅವರೇ ತಿರುಗಿ, ತುಂಬಿದ ಹೊಟ್ಟೆ ಹೊತ್ಕೊಂಡು ಕೆಳಗೆ ಇಳಿದ್ರು. ಹಸಿರು ನೀರು ದಾಟಿದ್ರು, ನೀಲಿ ನೀರು ದಾಟಿದ್ರು, ಕಪ್ಪು ನೀರಿಗೆ ಬಂದ್ರು. ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತಳದಲ್ಲಿ ಸದ್ದಿಲ್ಲ. ಬೆರಳುಗಳು ಏಳಲಿಲ್ಲ.

"ಅಜ್ಜೀ" ಅಂತ ಕರೆದ್ರು. ಮತ್ತೆ ಕರೆದ್ರು. ಎಷ್ಟೋ ಹೊತ್ತಿಗೆ ಕೆಸರು ಸ್ವಲ್ಪ ಅಲುಗಿತು. ಎರಡೇ ಎರಡು ಬೆರಳು ಮೇಲೆ ಬಂದವು. ಒಣಕಡ್ಡಿಯ ಹಾಗೆ ಆಗಿದ್ದವು.

"ಯಾರು... ಬಂದ್ರಾ? ಮಕ್ಕಳೇ, ಬದುಕಿದ್ದೀರಾ?"

ಮುಂದಿದ್ದವರು ಮೆಲ್ಲಗೆ ಹಿಂದೆ ಸರಿದ್ರು.

"ದಾರಿಯಲ್ಲಿ ನಿಮ್ಮನ್ನ ಯಾವುದೋ ದೊಡ್ಡ ಮೀನು ನುಂಗಿತು ಅಂದ್ಕೊಂಡೆ" ಅಂದ್ಳು ಕೆಸರಜ್ಜಿ. "ಅಷ್ಟು ಸಣ್ಣ ಮಕ್ಕಳು, ಇಷ್ಟು ದೂರ. ಈ ಮುದುಕಿಯ ಹೊಟ್ಟೆಗಾಗಿ ಆ ಮಕ್ಕಳು ಹೋದ್ರಲ್ಲ ಅಂತ ದಿನಾ ಅತ್ತೆ. ನಂಗೆ ಬುತ್ತಿ ಬೇಡ, ಮಕ್ಕಳು ಬದುಕಿದ್ರೆ ಸಾಕು ಅಂತ ಹರಕೆ ಹೊತ್ತೆ."

ಕೇಳಿದೆಯಾ ಕುಸುಮಾ? ಹಸಿವು ಅಂತ ಅವಳು ಒಂದು ಮಾತೂ ಆಡಲಿಲ್ಲ.

ಸಾಲಿನ ಕೊನೆಯಲ್ಲಿ ಎಲ್ಲಕ್ಕಿಂತ ಸಣ್ಣ ಶೆಟ್ಲಿ ಒಂದಿತ್ತು. ಉಳಿದವರು ಅಕ್ಕಂದಿರು, ಹೂಂ ಅಂದುಬಿಡೋಣ ಅಂತ ಒಬ್ಬರಿಗೊಬ್ಬರು ಕಣ್ಣಲ್ಲೇ ಹೇಳ್ಕೊಳ್ತಾ ಇದ್ರು. ಹೌದು ಅಜ್ಜಿ, ದಾರಿಯಲ್ಲಿ ದೊಡ್ಡ ಮೀನಿತ್ತು, ಅಂದುಬಿಟ್ರೆ ಆಗಿತ್ತು. ಅಜ್ಜಿಯೇ ಸುಳ್ಳು ಹೊಲಿದು ಕೈಗೆ ಕೊಟ್ಟಿದ್ಳು, ತೊಟ್ಟುಕೊಂಡ್ರೆ ಸಾಕು. ಆ ಸಣ್ಣದು ಅಕ್ಕಂದಿರನ್ನ ದಾಟಿ ಮುಂದೆ ಬಂತು.

"ಅಜ್ಜೀ, ನಮ್ಮನ್ನ ಯಾರೂ ನುಂಗಲಿಲ್ಲ. ನಾವು ಬರಲೇ ಇಲ್ಲ. ಇಲ್ಲಿ ಕತ್ತಲೆ. ನಿನ್ನ ಕೈಗೆ ಹೆದರಿಕೆಯಾಯ್ತು. ಅವ್ವಿಗೆ ಸುಳ್ಳು ಹೇಳಿದೆವು."

ಅಕ್ಕಂದಿರಿಗೆ ಜೀವ ಹೋದ ಹಾಗಾಯ್ತು.

ಕೆಸರಜ್ಜಿಯ ಎರಡು ಬೆರಳು ಮೆಲ್ಲಗೆ ಎದ್ದು ಬಂದು ಆ ಸಣ್ಣ ಮುಖ ಮುಟ್ಟಿದವು. ಅವಳಿಗೆ ಕೆಂಪು ಕಾಣೋದಿಲ್ಲ. ಬಿಸಿ ತಾಗಿತು.

"ಮುಖ ಸುಡ್ತಾ ಇದೆಯಲ್ಲ ಮಗಾ ನಿಂದು" ಅಂದ್ಳು. ಬೈಯಲಿಲ್ಲ, ಯಾಕೆ ಹೀಗೆ ಮಾಡಿದ್ರಿ ಅಂತ ಕೇಳಲಿಲ್ಲ. ಒಂದೇ ಮಾತು ಕೇಳಿದ್ಳು.

"ನಾಳೆ ಬರ್ತೀಯಾ?"

"ಬರ್ತೇನೆ ಅಜ್ಜೀ" ಅಂತು ಸಣ್ಣ ಶೆಟ್ಲಿ.

ಅವತ್ತಿಂದ ಬರ್ತಾ ಇದ್ದಾರೆ. ಆದರೆ ಸೂರ್ಯನಿಗೆ ಮುಖ ತೋರಿಸೋಕೆ ಆಗಲಿಲ್ಲ ಅವರಿಗೆ. ಎಲ್ಲಾ ನೋಡಿದವನು ಅವನೇ ಅಲ್ವಾ? ಹಾಗಾಗಿ ಅವನು ಕಣ್ಣು ಮುಚ್ಚಿದ ಮೇಲೆ ಮೇಲೆ ಬರ್ತಾರೆ. ಕತ್ತಲಲ್ಲಿ ಹಸಿರು ಪುಡಿ ತಿಂದು ಹೊಟ್ಟೆ ತುಂಬ್ಕೊಳ್ತಾರೆ. ಅವನು ಕಣ್ಣು ಬಿಡೋದರೊಳಗೆ ಕೆಳಗೆ ಇಳೀತಾರೆ. ಹಗಲಿಡೀ ಅಜ್ಜಿಯ ಹತ್ರ ಇದ್ದು, ಮುಖ ಸವರಿಸ್ಕೊಂಡು, ತಂದದ್ದು ಇಳಿಸಿ, ಮತ್ತೆ ಸಂಜೆಗೆ ಹೊರಡ್ತಾರೆ. ಗಾಳಿಯಣ್ಣನ ಜ್ವರ ಇಳೀತು, ನೀರಿನ ಹುಳಿ ಹೋಯ್ತು, ಚಿಪ್ಪಿನ ಹುಳದ ಮನೆ ಗಟ್ಟಿಯಾಯ್ತು.

ಆಳದಲ್ಲೇ ಉಳಿದುಬಿಟ್ಟ ಶೆಟ್ಲಿ ಈಗಲೂ ಕೆಂಪಗೇ ಇದೆಯಂತೆ. ದಡದ ಹತ್ರ ಬರೋದು ಹೀಗೆ ಬೆಳ್ಳಗೆ. ಇದರ ನಾಚಿಕೆ ಎಲ್ಲಿ ಹೋಯ್ತು ಅಂತೀಯಾ? ಒಳಗೇ ಉಂಟು. ಬಾಣಲೆಗೆ ಹಾಕಿ ನೋಡು, ಸ್ವಲ್ಪ ಬಿಸಿ ತಾಗಿದ್ರೆ ಸಾಕು, ಕೆಂಪಾಗಿ ಹೊರಗೆ ಬರ್ತದೆ.

ಮತ್ತೆ ಅದನ್ನೇ ನಾವು ತಿಂತೇವಾ ಅಂತ ಕೇಳ್ತೀಯಾ? ತಿಂತೇವೆ ಮಗಾ. ತಿಂದು ಹೊಟ್ಟೆ ತುಂಬ್ಕೊಳ್ತೇವೆ. ಮೇಲಿಂದ ಮಿಷನ್ ದೋಣಿ, ಲಾರಿ, ಆಕಾಶಕ್ಕೆ ಮೂತಿ ಎತ್ತಿದ ಚಿಮಣಿ, ಎಲ್ಲದರ ಉಸಿರನ್ನೂ ಗಾಳಿಯಣ್ಣನ ಬೆನ್ನಿಗೆ ಹೇರ್ತೇವೆ. ಇಷ್ಟೇ ಇಷ್ಟು ಜೀವ, ಎಷ್ಟು ಅಂತ ಹೊತ್ತೀತು? ಅದು ಒಂದು ಸಲ ತಪ್ಪು ಮಾಡಿ ಇನ್ನೂ ನಾಚ್ಕೊಳ್ತಾ ಇದೆ. ನಮಗೆ ಮುಖ ಬಿಸಿಯೂ ಆಗೋದಿಲ್ಲ.

ಏನಂದೆ? ಕೇಳಿಸ್ಲಿಲ್ಲ. ಅಳಬೇಡ, ಅತ್ರೆ ಮಾತು ಕೇಳೋದಿಲ್ಲ. ಮೂಗು ಒರೆಸ್ಕೊಂಡು ಹೇಳು.

ಹದ್ದು ಎತ್ಕೊಂಡು ಹೋಯ್ತಾ? ಮೊದಲನೇ ಸಲ. ಹೂಂ. ನಾನು ಬೈತೇನೆ ಅಂತ ಹೆದರಿ ಕೊಟ್ಟೆ ಅಂದೆಯಾ? ಎರಡನೇ ಸಲ? ದೋಣಿಯ ಹಿಂದೆ ಬೆಕ್ಕುಗಳಿಗೆ. ಇವತ್ತೂ ಬೆಕ್ಕುಗಳಿಗೇ. ಯಾಕೆ ಮಗಾ? ಅವಳ ಮನೆ ಕತ್ತಲೆ ಅಂತಾ? ಮುಖ ಸವರ್ತಾಳೆ ಅಂತಾ?

ಅಯ್ಯೋ ಹುಚ್ಚಿ. ಕಣ್ಣಿಲ್ಲದವಳು ನಿನ್ನನ್ನ ಮತ್ತೆ ಹೇಗೆ ನೋಡಬೇಕು?

ಅಳು, ಪರವಾಗಿಲ್ಲ. ಈಗ ನನ್ನದೊಂದು ಕೇಳು. ಖಾಲಿ ಬುಟ್ಟಿ ಇವತ್ತು ಮೊದಲ ಸಲ ಬಂದದ್ದಲ್ಲ. ಮೂರು ಸಲ ಬಂತು. ಮೂರು ಸಲವೂ ನಾನು ನೋಡಿದೆ. ನೋಡಿ ಬಾಯಿ ಮುಚ್ಕೊಂಡಿದ್ದೆ. ಕೇಳಿದ್ರೆ ನೀನು ಅಳ್ತಿದ್ದೆ, ನೀನು ಅತ್ರೆ ನಾನೇ ಬುಟ್ಟಿ ಹೊತ್ತು ಬೀರಮ್ಮನ ಮನೆಗೆ ಹೋಗಬೇಕಾಗ್ತಿತ್ತು.

ನಾನು ಅವಳ ಮನೆಗೆ ಹೋಗದೆ ಮೂರು ವರ್ಷವಾಯ್ತು. ಒಂದು ದಿನ ಒಣಮೀನು ಹರಡಿದ್ದೆವು, ಇಬ್ಬರದೂ ಅವಳ ಅಂಗಳದಲ್ಲೇ. ನಾನು ಸಂತೆಗೆ ಹೋಗಿದ್ದೆ. ಮಳೆ ಬಂತು. ಬೀರಮ್ಮ ಅಲ್ಲೇ ಕೂತಿದ್ರೂ ನನ್ನ ಚಾಪೆ ಎತ್ತಲಿಲ್ಲ, ಮೀನೆಲ್ಲ ನೆನೆದು ಹಾಳಾಯ್ತು. ನಾನು ಬಂದು, ಕೇರಿಯ ಹೆಂಗಸರೆಲ್ಲ ನಿಂತಿದ್ರು, ಅವರೆದುರು ಕೂಗಿದೆ, "ಕಣ್ಣು ಕಾಣೋದಿಲ್ವೇನೇ ನಿಂಗೆ?" ಅಂತ.

ಅವಳಿಗೆ ಕಾಣ್ತಿರಲಿಲ್ಲ ಕುಸುಮಾ. ಆಗಲೇ ಮುಕ್ಕಾಲು ಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ತಪ್ಪಾಯ್ತು ತಂಗೀ, ಅಂದು ಗೋಡೆ ಹಿಡ್ಕೊಂಡು ಒಳಗೆ ಹೋದ್ಳು. ಆ ಗೋಡೆ ಹಿಡಿದ ಕೈ ನೋಡಿ ನಂಗೆ ಗೊತ್ತಾಯ್ತು. ಆಡಿದ ಮಾತನ್ನ ಮತ್ತೆ ನುಂಗೋಕೆ ಆಗ್ತದಾ? ಅವತ್ತಿಂದ ನಾನು ಅವಳಿಗೆ ಮುಖ ತೋರಿಸಿಲ್ಲ. ಮೊದಲು ನಿನ್ನ ಮಾವನ ಕೈಯಲ್ಲಿ ಕಳಿಸಿದೆ, ಆಮೇಲೆ ನಿನ್ನ ಕೈಯಲ್ಲಿ. ಅವಳು ನನ್ನ ಕೇಳಿದ್ಳು ಅಂತ ನೀನು ಅಂದ್ಯಲ್ಲ, ಅದು ಸುಳ್ಳು ಅಂತ ಒಳಗೆ ಗೊತ್ತಿತ್ತು. ಗೊತ್ತಿದ್ದೂ ನಂಬಿದೆ. ನಂಬೋಕೆ ಆಸೆಯಾಯ್ತು. ಈಗ ಹೇಳು, ನಮ್ಮಿಬ್ಬರಲ್ಲಿ ಯಾರು ದೊಡ್ಡ ಕಳ್ಳಿ?

ಏಳು. ಕೈ ತೊಳಿ. ಬಿಡಿಸಿದ ಶೆಟ್ಲಿ ಅಷ್ಟೂ ಆ ಬುಟ್ಟಿಗೆ ಹಾಕು. ಬೇಡ, ನಮಗೆ ಉಳಿಸಬೇಡ, ನಮಗೆ ಗಂಜಿಗೆ ಮಾವಿನ ಉಪ್ಪಿನಕಾಯಿ ಸಾಕು. ಬುಟ್ಟಿ ನನ್ನ ತಲೆ ಮೇಲೆ ಇಡು. ನೀನು ನನ್ನ ಸೆರಗು ಹಿಡ್ಕೋ.

ಅಲ್ಲಿ ಹೋದ ಮೇಲೆ ನಿನ್ನ ಮಾತು ನೀನು ಹೇಳಬೇಕು, ನನ್ನದು ನಾನು ಹೇಳ್ತೇನೆ. ಹದ್ದಿನ ಕಥೆ ಮಾತ್ರ ಹೇಳಿ ಜಾರಿಕೊಂಡೆಯೋ, ನೋಡು ಮತ್ತೆ! ಅವಳು ನಿನ್ನ ಮುಖ ಸವರ್ತಾಳೆ, ಸವರಲಿ. ನನ್ನದೂ ಸವರ್ತಾಳೆ. ಸುಡ್ತದೆ ಅಂದ್ರೆ ಅನ್ನಲಿ, ಸುಡೋದು ನಿಜವೇ.

ಅಗೋ, ಹೊತ್ತು ಮುಳುಗಿತು, ನೀರು ಕೆಂಪಾಯ್ತು, ಶೆಟ್ಲಿಗಳು ಈಗ ಅಜ್ಜಿಗೆ ಹೇಳಿ ಹೊರಟಿರ್ತಾರೆ. ನಾವು ಎದ್ದು ಬರೋವಾಗ ಬೀರಮ್ಮ "ನಾಳೆ ಬರ್ತೀಯಾ" ಅಂತ ಕೇಳೇ ಕೇಳ್ತಾಳೆ ಮಗಾ, ಯೋಚನೆ ಮಾಡಿ ಉತ್ತರ ಕೊಡು: ಅವತ್ತು ಒಂದು ಸಣ್ಣ ಶೆಟ್ಲಿ ಬರ್ತೇನೆ ಅಂದ ಒಂದೇ ಮಾತಿಗೆ ಇವತ್ತಿಗೂ ಅದರ ಬಳಗವೆಲ್ಲ ಸಂಜೆಯಾದ ಮೇಲೆ ಮೇಲೆ ಬಂದು, ಬೆಳಗಾಗೋದರೊಳಗೆ ಜಗತ್ತಿನ ಉಸಿರು ಹೊತ್ಕೊಂಡು ಕೆಳಗೆ ಇಳೀತಾ ಇದೆ.